ಸಸ್ಯ ಅಕ್ವೇರಿಯಂನ ಇಂಗಾಲದ ಡೈಆಕ್ಸೈಡ್ ಉಪಕರಣ: ದೋಷಪತ್ತೆ ಮತ್ತು ದುರಸ್ತಿ

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆಗೆ, ಎಷ್ಟೋ ಸಲ ಮೀನಿಗಿಂತ ಹೆಚ್ಚಾಗಿ, ಜಲಸಸ್ಯಗಳನ್ನು ಬೆಳೆಸುವವರು ನೀರಿಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಅಳತೆಯಲ್ಲಿ ಕರಗಿಸಿ ಕೊಡುತ್ತಾರೆ. ಅದಕ್ಕೆ ಬಳಸುವ ಸಲಕರಣೆಗಳನ್ನು ಒಟ್ಟಾಗಿ ಸಿಒ2 ಸೆಟ್ ಎನ್ನುವುದು ರೂಢಿ. ಸಿಲಿಂಡರ್, ರೆಗ್ಯುಲೇಟರ್, ಸೊಲೆನಾಯ್ಡ್ ವಾಲ್ವ್, ನೀಡಲ್ ವಾಲ್ವ್, ಬಬಲ್ ಕೌಂಟರ್, ಚೆಕ್ ವಾಲ್ವ್, ಪೈಪು, ಡಿಫ್ಯೂಸರ್: ಅನಿಲ ಸಾಗುವ ದಾರಿಯಲ್ಲಿ ಇವು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತವೆ. ನೀರಿನೊಳಗೆ ಗಾಜಿಗೆ ಅಂಟಿಸಿದ ಡ್ರಾಪ್ ಚೆಕರ್ ಎಂಬ ಪುಟ್ಟ ಬುರುಡೆ ಎಷ್ಟು ಕರಗಿದೆ ಎಂಬುದರ ಅಂದಾಜು ಕೊಡುತ್ತದೆ. ಇದರಲ್ಲಿ ನಿಜವಾಗಿ ಕೆಡುವ ಭಾಗಗಳು ಕಡಿಮೆ. ಸೆಟ್ ಕೈಕೊಟ್ಟಿತು ಎಂದು ದೂರುವಾಗ ಕಾರಣ ಸಾಮಾನ್ಯವಾಗಿ ಒಂದು ವಾಷರಿನ ಸೋರಿಕೆ, ಇಲ್ಲವೇ ಸೂಚಕವನ್ನು ತಪ್ಪಾಗಿ ಓದಿಕೊಂಡದ್ದು. ಒತ್ತಡದ ಮೀಟರು, ಗುಳ್ಳೆಗಳ ಎಣಿಕೆ, ಬಣ್ಣ ಬದಲಿಸುವ ದ್ರಾವಣ ಈ ಮೂರೂ ತೋರಿಸುವುದೇ ಒಂದು, ಬಳಸುವವರು ತಿಳಿದುಕೊಳ್ಳುವುದೇ ಇನ್ನೊಂದು. ಹಾಗಾಗಿ ಬಿಡಿಭಾಗ ಬದಲಿಸುವ ಮೊದಲು ಸೂಚಕಗಳನ್ನು ಅರ್ಥ ಮಾಡಿಕೊಳ್ಳುವುದು ಅಗ್ಗದ ದಾರಿ.

ಹಿನ್ನೆಲೆ

ಗಾಳಿಯೊಡನೆ ಸಮತೋಲದಲ್ಲಿರುವ ನೀರಿನಲ್ಲಿ ಲೀಟರಿಗೆ ಸುಮಾರು 0.6 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿರುತ್ತದೆ. ಮೇಲಾಗಿ ಈ ಅನಿಲ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಎಲೆಗೆ ಅಂಟಿಕೊಂಡ ತೆಳು ನೀರಿನ ಪದರವನ್ನು ದಾಟುವುದೇ ಅದಕ್ಕೆ ದೊಡ್ಡ ಕೆಲಸ. ಕೆರೆಗಳಲ್ಲಿ ತಾನಾಗಿ ಹಬ್ಬುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂಥ ಗಿಡಗಳು ನೀರಿನಲ್ಲಿರುವ ಬೈಕಾರ್ಬೊನೇಟನ್ನೇ ಒಡೆದು ಇಂಗಾಲ ಪಡೆಯಬಲ್ಲವು. ಎಲ್ಲ ಗಿಡಗಳಿಗೂ ಆ ಸೌಕರ್ಯವಿಲ್ಲ. ದಕ್ಷಿಣ ಭಾರತದ್ದೇ ಆದ, ಕೆಂಪು ಬಣ್ಣಕ್ಕೆ ಜಗತ್ತಿನಾದ್ಯಂತ ಹೆಸರಾದ ರೊಟಾಲ ಮ್ಯಾಕ್ರಾಂಡ್ರಾ ಜೋರು ಬೆಳಕಿನ ತೊಟ್ಟಿಯಲ್ಲಿ ಅನಿಲ ಸಿಗದಿದ್ದರೆ ಕೆಳಗಿನ ಎಲೆ ಉದುರಿಸಿ ಸೊರಗುತ್ತದೆ. ಹವ್ಯಾಸಿಗಳು ಗುರಿಯಾಗಿ ಇಟ್ಟುಕೊಳ್ಳುವ ಮಟ್ಟ ಲೀಟರಿಗೆ 20ರಿಂದ 30 ಮಿಲಿಗ್ರಾಂ, ಅಂದರೆ ಸಹಜ ಮಟ್ಟದ ಮೂವತ್ತರಿಂದ ಐವತ್ತು ಪಟ್ಟು. ಇಷ್ಟು ಎತ್ತರದಲ್ಲಿ ನಿಲ್ಲಿಸಿದ ಅನಿಲ ನೀರಿನ ಮೇಲ್ಮೈಯಿಂದ ಸದಾ ತಪ್ಪಿಸಿಕೊಳ್ಳುತ್ತಲೇ ಇರುತ್ತದೆ. ಉಪಕರಣ ಒಂದು ಗಂಟೆ ನಿಂತರೂ ಮಟ್ಟ ಇಳಿಯತೊಡಗುತ್ತದೆ.

ಒತ್ತಡದ ಸಿಲಿಂಡರಿನಿಂದ ಅನಿಲ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಜಪಾನಿನ ನಿಗಾಟದ ತಕಾಶಿ ಅಮಾನೊ (1954–2015) ಮುಖ್ಯರು. ಅವರು 1982ರಲ್ಲಿ ಸ್ಥಾಪಿಸಿದ ಅಕ್ವಾ ಡಿಸೈನ್ ಅಮಾನೊ ಸಂಸ್ಥೆಯ ಗಾಜಿನ ಡಿಫ್ಯೂಸರು ಮತ್ತು ಡ್ರಾಪ್ ಚೆಕರುಗಳ ಮಾದರಿಯನ್ನೇ ಇಂದಿನ ಅಗ್ಗದ ನಕಲುಗಳೂ ಅನುಸರಿಸುತ್ತವೆ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರ ತಮ್ಮ ಪುಸ್ತಕದಲ್ಲಿ ಮಣ್ಣಿನ ತಳ ಹಾಕಿ, ಸಿಲಿಂಡರೇ ಇಲ್ಲದೆ ಗಿಡ ಬೆಳೆಸುವ ಬೇರೆ ದಾರಿ ತೋರಿಸಿದರು. ಸೆಟ್ ಪದೇ ಪದೇ ತೊಂದರೆ ಕೊಡುವಾಗ, ಬೆಳಕು ತಗ್ಗಿಸಿ ಆ ದಾರಿಗೆ ಹೊರಳುವುದೂ ಒಂದು ದುರಸ್ತಿಯೇ.

ಸಿಲಿಂಡರ್ ಮತ್ತು ಹೆಚ್ಚೊತ್ತಡದ ಮೀಟರು

ರೆಗ್ಯುಲೇಟರಿನ ಎರಡು ಮೀಟರುಗಳಲ್ಲಿ ಒಂದು ಸಿಲಿಂಡರಿನ ಒತ್ತಡ ತೋರಿಸುತ್ತದೆ. ವಾಹನದ ಪೆಟ್ರೋಲ್ ಮುಳ್ಳಿನ ಹಾಗೆ ಇದನ್ನು ಓದುವುದೇ ಎಲ್ಲ ಗೊಂದಲಗಳ ಮೂಲ. ಸಿಲಿಂಡರಿನೊಳಗೆ ಇರುವುದು ದ್ರವರೂಪದ ಇಂಗಾಲದ ಡೈಆಕ್ಸೈಡ್ ಮತ್ತು ಅದರ ಮೇಲೆ ಕೂತ ಆವಿ. ದ್ರವ ಒಂದು ಹನಿ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್, 25ರಲ್ಲಿ 64, 30ರಲ್ಲಿ 72. ತುಂಬಿದ ಸಿಲಿಂಡರಿಗೂ ಅರ್ಧ ಖಾಲಿಯಾದದ್ದಕ್ಕೂ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಡಿಸೆಂಬರಿನ ಬೆಳಗ್ಗೆ ಐದಾರು ಬಾರ್ ಇಳಿದು ಮಧ್ಯಾಹ್ನ ಮತ್ತೆ ಏರಿದರೆ ಸೋರಿಕೆ ಎಂದು ಗಾಬರಿಯಾಗಬೇಕಿಲ್ಲ. ಪ್ರತಿ ಡಿಗ್ರಿಗೆ ಒಂದು ಬಾರ್‌ಗಿಂತ ತುಸು ಹೆಚ್ಚು ಏರಿಳಿತ ಸಹಜ.

31 ಡಿಗ್ರಿ ದಾಟಿದರೆ ಕಥೆಯೇ ಬೇರೆ. ಅದು ಈ ಅನಿಲದ ಕ್ರಾಂತಿಕ ಉಷ್ಣತೆ (ಕ್ರಿಟಿಕಲ್ ಟೆಂಪರೇಚರ್). ಅದರ ಮೇಲೆ ದ್ರವ, ಆವಿ ಎಂಬ ಭೇದವೇ ಉಳಿಯುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಮನೆಗಳಲ್ಲಿ ಸಿಲಿಂಡರಿನೊಳಗೆ ಬಹುಪಾಲು ಹೊತ್ತು ಇದೇ ಸ್ಥಿತಿ. ಆಗ ಎಷ್ಟು ತುಂಬಿಸಿದೆ ಎಂಬುದರ ಮೇಲೆ ಒತ್ತಡ ನಿಲ್ಲುತ್ತದೆ. ಅಂಚಿನವರೆಗೆ ತುಂಬಿಸಿದ್ದರೆ ಮುಳ್ಳು 100 ಬಾರ್ ದಾಟುವುದೂ ಉಂಟು. ಅಗತ್ಯಕ್ಕಿಂತ ಹೆಚ್ಚು ತುಂಬಿಸಿದ ಸಿಲಿಂಡರಿನ ಸುರಕ್ಷಾ ಬಿಲ್ಲೆ ಒಡೆದು ಇಡೀ ಅನಿಲ ಒಮ್ಮೆಲೇ ಹೊರಬರುವುದು ಇಂಥ ಬಿಸಿಲಿನಲ್ಲೇ.

ದ್ರವ ಮುಗಿದ ಮೇಲೆ ಮುಳ್ಳು ಇಳಿಯತೊಡಗುತ್ತದೆ. ಇಳಿಯಲು ಶುರುವಾದರೆ ನಾಳೆಯೇ ಖಾಲಿ ಎಂಬ ನಂಬಿಕೆ ಬಲವಾಗಿದೆ, ಆದರೆ ಲೆಕ್ಕ ಬೇರೆ ಹೇಳುತ್ತದೆ. 3 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 2 ಕೆ.ಜಿ. ಅನಿಲ ತುಂಬಿಸಿದೆ ಎಂದುಕೊಳ್ಳೋಣ. 25 ಡಿಗ್ರಿಯಲ್ಲಿ ಕೊನೆಯ ಹನಿ ದ್ರವ ಆವಿಯಾದಾಗಲೂ ಒಳಗೆ ಸುಮಾರು 700 ಗ್ರಾಂ ದಟ್ಟ ಆವಿ ಉಳಿದಿರುತ್ತದೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸಣ್ಣ ತೊಟ್ಟಿಗೆ ಅದು ವಾರಗಟ್ಟಲೆ ಬರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯುವ ನಂಬಿಕಸ್ಥ ವಿಧಾನ ತಕ್ಕಡಿ ಮಾತ್ರ: ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದಿರುವ ಖಾಲಿ ತೂಕವನ್ನು ಈಗಿನ ತೂಕದಿಂದ ಕಳೆಯಬೇಕು, ರೆಗ್ಯುಲೇಟರ್ ಕಳಚದೆ ತೂಗಿದ್ದರೆ ಅದರ ತೂಕವನ್ನೂ ಬಿಡಬೇಕು.

ನಮ್ಮ ಊರುಗಳಲ್ಲಿ ಅನಿಲ ತುಂಬಿಸಿಕೊಡುವವರು ಅಗ್ನಿಶಾಮಕ ಸಲಕರಣೆಯ ಅಂಗಡಿಯವರು, ಸೋಡಾ ತಯಾರಕರಿಗೆ ಪೂರೈಸುವವರು, ವೆಲ್ಡಿಂಗ್ ಗ್ಯಾಸ್ ವ್ಯಾಪಾರಿಗಳು. ಇಲ್ಲಿಂದ ಒಂದು ವಿಶಿಷ್ಟ ದೋಷ ಹುಟ್ಟುತ್ತದೆ. ಬೆಂಕಿ ಆರಿಸುವ ಸಿಲಿಂಡರಿನೊಳಗೆ ತಳದವರೆಗೆ ಇಳಿಬಿಟ್ಟ ನಳಿಗೆ ಇರುತ್ತದೆ. ನೆಟ್ಟಗೆ ನಿಲ್ಲಿಸಿದಾಗ ದ್ರವವೇ ಮೇಲೆ ಬರಲಿ ಎಂಬುದು ಅದರ ಉದ್ದೇಶ. ಅಂಥದ್ದನ್ನು ಬಾಯಿ ಬದಲಿಸಿ ಅಕ್ವೇರಿಯಂಗೆ ಮಾರಿದರೆ ರೆಗ್ಯುಲೇಟರಿಗೆ ಆವಿಯ ಬದಲು ದ್ರವ ನುಗ್ಗುತ್ತದೆ. ಲಕ್ಷಣ ಸ್ಪಷ್ಟ: ಸೆಕೆಂಡಿಗೆ ಒಂದೆರಡು ಗುಳ್ಳೆ ಹರಿಯುವಾಗಲೂ ರೆಗ್ಯುಲೇಟರಿನ ಮೈಮೇಲೆ ಹಿಮ ಕಟ್ಟುತ್ತದೆ, ಕಡಿಮೆ ಒತ್ತಡದ ಮುಳ್ಳು ಕುಣಿಯುತ್ತದೆ, ಒಳಗಿನ ರಬ್ಬರು ಸೀಟು ಬೇಗ ಹಾಳಾಗುತ್ತದೆ. ಸಾಮಾನ್ಯ ಸಿಲಿಂಡರನ್ನು ಅಡ್ಡ ಮಲಗಿಸಿ ತೆರೆದರೂ ಇದೇ ಫಲ. ಅಕ್ವೇರಿಯಂನ ಸಣ್ಣ ಹರಿವಿಗೆ ಹಿಮ ಕಟ್ಟುವುದು ಸಹಜವಲ್ಲ. ಕಟ್ಟಿದರೆ ಒಂದೋ ದ್ರವ ಬರುತ್ತಿದೆ, ಇಲ್ಲವೇ ದೊಡ್ಡ ಸೋರಿಕೆ ಇದೆ. ನಳಿಗೆ ತೆಗೆಸುವುದು ಪರವಾನಗಿ ಇರುವ ಅಂಗಡಿಯ ಕೆಲಸ, ಮನೆಯಲ್ಲಿ ಕೈಹಾಕುವಂಥದ್ದಲ್ಲ. ಭಾರತದಲ್ಲಿ ಇಂಥ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆ ಅವನ್ನು ಜಾರಿ ಮಾಡುತ್ತದೆ. ನೀರಿನ ಒತ್ತಡದ ಪರೀಕ್ಷೆಯ ದಿನಾಂಕ ಕುತ್ತಿಗೆಯ ಮೇಲೆ ಇಲ್ಲದ ಸಿಲಿಂಡರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ರೆಗ್ಯುಲೇಟರ್

ಐವತ್ತು–ಅರವತ್ತು ಬಾರ್ ಒತ್ತಡವನ್ನು ಒಂದರಿಂದ ಮೂರು ಬಾರ್‌ಗೆ ಇಳಿಸುವುದು ರೆಗ್ಯುಲೇಟರಿನ ಕೆಲಸ. ಸಾದಾ ಪಿಂಗಾಣಿ ಡಿಫ್ಯೂಸರಿಗೆ ಒಂದರಿಂದ ಎರಡು ಬಾರ್ ಸಾಕು. ಫಿಲ್ಟರ್ ಪೈಪಿಗೆ ಜೋಡಿಸುವ ಇನ್‌ಲೈನ್ ಅಟೊಮೈಸರಿಗೆ ಹೆಚ್ಚು ಬೇಕು. ಎರಡನೆಯದನ್ನು ಕೊಂಡವರು ಹಳೆಯ ಒತ್ತಡದಲ್ಲೇ ಬಿಟ್ಟು, ಗುಳ್ಳೆ ಬರುತ್ತಿಲ್ಲ, ಅಟೊಮೈಸರೇ ಸರಿಯಿಲ್ಲ ಎಂದು ವಾಪಸು ಕೊಡುವುದುಂಟು.

ರೆಗ್ಯುಲೇಟರಿನ ನಿಜವಾದ ರೋಗಗಳು ಎರಡು. ಮೊದಲನೆಯದು ಒತ್ತಡ ತೆವಳಿ ಏರುವುದು: ಸೊಲೆನಾಯ್ಡ್ ಮುಚ್ಚಿದ ರಾತ್ರಿ ಕಡಿಮೆ ಒತ್ತಡದ ಮುಳ್ಳು 1.5 ಬಾರ್‌ನಲ್ಲಿದ್ದದ್ದು ಬೆಳಗಾಗುವಷ್ಟರಲ್ಲಿ ಮೂರಕ್ಕೆ ಬಂದಿರುತ್ತದೆ, ಟೈಮರ್ ತೆರೆದ ಕೂಡಲೇ ಗುಳ್ಳೆಗಳು ಬುಳಬುಳನೆ ನುಗ್ಗುತ್ತವೆ. ಒಳಗಿನ ಸೀಟಿನ ಮೇಲೆ ಲೋಹದ ಚೂರೋ ಟೇಪಿನ ಎಳೆಯೋ ಕೂತಿದೆ, ಅಥವಾ ಸೀಟು ಸವೆದಿದೆ ಎಂದರ್ಥ. ಎರಡನೆಯದು ಸಿಲಿಂಡರ್ ಖಾಲಿಯಾಗುವ ಹಂತದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಹಂತದ ರೆಗ್ಯುಲೇಟರುಗಳಲ್ಲಿ ಸಿಲಿಂಡರಿನ ಒತ್ತಡವೇ ಒಳಗಿನ ಬಿರಡೆಯನ್ನು ಮುಚ್ಚುವ ಕಡೆಗೆ ಒತ್ತುತ್ತಿರುತ್ತದೆ. ಆ ಒತ್ತಡ ಕುಸಿದಾಗ ಮುಚ್ಚುವ ಬಲ ಕಡಿಮೆಯಾಗಿ, ಹೊರಬರುವ ಒತ್ತಡ ತಾನಾಗಿ ಏರುತ್ತದೆ. ಗುಳ್ಳೆ ದರ ಹೆಚ್ಚುತ್ತದೆ, ಡ್ರಾಪ್ ಚೆಕರ್ ಹಳದಿಯಾಗುತ್ತದೆ, ಮೀನು ಮೇಲಕ್ಕೆ ಬರುತ್ತದೆ. ಖಾಲಿಯಾಗುತ್ತಿರುವ ಸಿಲಿಂಡರ್ ಕಡಿಮೆ ಅನಿಲ ಕೊಡಬೇಕಲ್ಲವೇ ಎಂಬ ಸಾಮಾನ್ಯ ತರ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಎರಡು ಹಂತದ ರೆಗ್ಯುಲೇಟರಿನಲ್ಲಿ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಬೆಲೆ ಹೆಚ್ಚು ಎಂದು ಹಿಂಜರಿಯುವವರು ಮುಳ್ಳು ಮೂವತ್ತು ಬಾರ್ ಸುತ್ತಮುತ್ತ ಬಂದಾಗಲೇ ಸಿಲಿಂಡರನ್ನು ತುಂಬಿಸಲು ಒಯ್ಯುವುದು ಒಳ್ಳೆಯದು.

ಸೋರಿಕೆ

ವರ್ಷ ಬರಬೇಕಾದ ಸಿಲಿಂಡರ್ ತಿಂಗಳಿಗೇ ಮುಗಿದರೆ ಸೋರಿಕೆಯೇ ಕಾರಣ. ಅನುಮಾನಪಡಬೇಕಾದ ಮೊದಲ ಜಾಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಸೇರುವಲ್ಲಿನ ವಾಷರು. ಬಿಳಿ ನೈಲಾನ್ ಅಥವಾ ಫೈಬರಿನ ಆ ಬಳೆಯನ್ನು ತೆಗೆದು ಬೆಳಕಿಗೆ ಹಿಡಿದರೆ, ಒಮ್ಮೆ ಬಿಗಿದಾಗ ಬಿದ್ದ ದುಂಡನೆಯ ತಗ್ಗು ಕಾಣುತ್ತದೆ. ಮರಳಿ ಜೋಡಿಸುವಾಗ ಆ ತಗ್ಗು ಹಿಂದಿನ ಜಾಗದಲ್ಲೇ ಕೂರುವುದಿಲ್ಲ. ತಗ್ಗಿಗೂ ಲೋಹದ ಅಂಚಿಗೂ ನಡುವೆ ಉಳಿದ ಕೂದಲೆಳೆಯಷ್ಟು ಸಂದು ಅರವತ್ತು ಬಾರ್‌ಗೆ ಧಾರಾಳ ಬಾಗಿಲು. ಪ್ರತಿ ಸಲ ಸಿಲಿಂಡರ್ ಬದಲಿಸುವಾಗ ಹೊಸ ವಾಷರು ಹಾಕುವುದು ಅದಕ್ಕಾಗಿಯೇ. ಕೈಯಿಂದ ಬಿಗಿದು, ಆಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ಸಾಕು. ಓ-ರಿಂಗ್ ಕೂರಿಸಿ ಬಂದಿರುವ ರೆಗ್ಯುಲೇಟರುಗಳಿಗೆ ಕೈಬಿಗಿತವೇ ಸಾಕು. ಸ್ಪ್ಯಾನರ್ ಹಾಕಿದರೆ ರಿಂಗ್ ಕತ್ತರಿಸುತ್ತದೆ.

ಈ ಜೋಡಣೆಯ ಮರೆಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತುವುದು ಕೊಳಾಯಿ ಕೆಲಸದಿಂದ ಬಂದ ಅಭ್ಯಾಸ. ಅನಿಲವನ್ನು ತಡೆಯುವುದು ಇಲ್ಲಿ ಮರೆಯಲ್ಲ, ವಾಷರು. ಟೇಪಿನಿಂದ ಪ್ರಯೋಜನವಿಲ್ಲದಿರುವುದಷ್ಟೇ ಅಲ್ಲ, ಅದರ ಎಳೆಗಳು ಹರಿದು ಒಳಹೋಗಿ ರೆಗ್ಯುಲೇಟರಿನ ಸೀಟಿನ ಮೇಲೋ ಸೊಲೆನಾಯ್ಡಿನೊಳಗೋ ಕೂತು ಹೊಸ ದೋಷ ಹುಟ್ಟಿಸುತ್ತವೆ. ತುದಿಗೆ ಹೋದಂತೆ ಕಿರಿದಾಗುವ ಮರೆಗಳಿಗೆ, ಉದಾಹರಣೆಗೆ ಕೆಲವು ಮೀಟರುಗಳ ಜೋಡಣೆಗೆ, ಟೇಪ್ ಸರಿ. ಹೊರದೇಶದಿಂದ ತರಿಸಿದ ರೆಗ್ಯುಲೇಟರುಗಳಲ್ಲಿ ಇನ್ನೊಂದು ತೊಡಕು: ಯೂರೋಪಿನ ಡಬ್ಲ್ಯು 21.8 ಮರೆಯೂ ಅಮೆರಿಕದ ಸಿಜಿಎ-320 ಮರೆಯೂ ಒಂದಕ್ಕೊಂದು ಕೂರುವುದಿಲ್ಲ. ಒತ್ತಾಯದಿಂದ ತಿರುಗಿಸುವ ಬದಲು ಅಡಾಪ್ಟರ್ ಕೊಳ್ಳಬೇಕು.

ಸೋರಿಕೆ ಹುಡುಕಲು ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಬ್ರಷ್‌ನಿಂದ ಒಂದೊಂದು ಜೋಡಣೆಗೂ ಹಚ್ಚಿ ಕಾಯಬೇಕು. ದೊಡ್ಡ ಸೋರಿಕೆ ತಕ್ಷಣ ನೊರೆಗಟ್ಟುತ್ತದೆ. ಸಣ್ಣದಕ್ಕೆ ಎರಡು ಮೂರು ನಿಮಿಷ ಬೇಕು. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಒಂದೇ ಕಡೆ ಗುಂಪುಗೂಡುತ್ತವೆ. ಸೊಲೆನಾಯ್ಡಿನ ಕಾಯಿಲ್ ಮತ್ತು ತಂತಿಗೆ ಸೋಪುನೀರು ತಗುಲಬಾರದು. ಇಡೀ ರೆಗ್ಯುಲೇಟರನ್ನು ಬಕೆಟ್ಟಿನಲ್ಲಿ ಮುಳುಗಿಸಿ ನೋಡುವ ಚಪಲವನ್ನೂ ತಡೆದುಕೊಳ್ಳಬೇಕು. ಮೀಟರಿನೊಳಗೆ ನೀರು ಹೊಕ್ಕರೆ ಹೊರಬರುವುದಿಲ್ಲ.

ಸೋಪಿಗೂ ಸಿಗದ ಸೋರಿಕೆಗೆ ರಾತ್ರಿಯ ಪರೀಕ್ಷೆ ಇದೆ. ಒತ್ತಡ ತುಂಬಿಸಿ, ಸೊಲೆನಾಯ್ಡಿನ ಕರೆಂಟು ತೆಗೆದು, ಸಿಲಿಂಡರಿನ ವಾಲ್ವನ್ನು ಪೂರ್ತಿ ಮುಚ್ಚಿ, ಎರಡೂ ಮುಳ್ಳುಗಳ ಜಾಗ ಗುರುತು ಹಾಕಿಕೊಳ್ಳಬೇಕು. ಬೆಳಗ್ಗೆ ಹೆಚ್ಚೊತ್ತಡದ ಮುಳ್ಳು ಬಿದ್ದು ಇನ್ನೊಂದು ಏರಿದ್ದರೆ ಅದು ಸೋರಿಕೆಯಲ್ಲ, ಮೊದಲು ಹೇಳಿದ ತೆವಳುವ ರೋಗ. ಹೆಚ್ಚೊತ್ತಡದ್ದು ಬಿದ್ದು ಇನ್ನೊಂದು ಅಲುಗದಿದ್ದರೆ ಮೊದಲ ಅನುಮಾನ ವಾಷರಿನ ಅಥವಾ ಆ ಮೀಟರಿನ ಬುಡದ ಮೇಲೆ. ಎರಡೂ ಬಿದ್ದಿದ್ದರೆ ಸೊಲೆನಾಯ್ಡಿನ ಆಚೀಚೆ. ರಾತ್ರಿಯ ಚಳಿಗೆ ಹೆಚ್ಚೊತ್ತಡದ ಮುಳ್ಳು ಸೋರಿಕೆಯಿಲ್ಲದೆಯೂ ಕೆಲವು ಬಾರ್ ಇಳಿಯಬಹುದು. ಅದಕ್ಕಿಂತ ಹೆಚ್ಚು ಬಿದ್ದದ್ದೆಲ್ಲ ಸೋರಿದ್ದೇ.

ಪೈಪಿನ ವಿಷಯ ಬೇಗ ಹೇಳಬಹುದು. ಏರ್ ಪಂಪಿಗೆ ಹಾಕುವ ಮೆತ್ತನೆಯ ಸಿಲಿಕೋನ್ ಪೈಪಿನ ಗೋಡೆಯ ಮೂಲಕವೇ ಇಂಗಾಲದ ಡೈಆಕ್ಸೈಡ್ ಸಲೀಸಾಗಿ ಹೊರಹೋಗುತ್ತದೆ. ಪಾಲಿಯುರಿಥೇನ್, ಅಂದರೆ ಅಂಗಡಿಯಲ್ಲಿ ಪಿಯು ಪೈಪ್ ಎಂದು ಕೇಳಿದರೆ ಸಿಗುವ ಗಟ್ಟಿ ಪೈಪು ಬೇಕು. ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದರೆ ಒತ್ತಿ ಕೂರಿಸುವ ಕನೆಕ್ಟರಿನಲ್ಲಿ ಸೋರುತ್ತದೆ. ಬ್ಲೇಡಿನಿಂದ ನೇರ ಕೊಯ್ಯಬೇಕು.

ಸೊಲೆನಾಯ್ಡ್, ಟೈಮರ್ ಮತ್ತು ಕರೆಂಟು

ಸೊಲೆನಾಯ್ಡ್ ಎಂದರೆ ವಿದ್ಯುತ್ ಕಾಯಿಲಿನ ಕಾಂತಬಲದಿಂದ ತೆರೆಯುವ ವಾಲ್ವ್. ಕರೆಂಟು ಇಲ್ಲದಾಗ ಸ್ಪ್ರಿಂಗ್ ಅದನ್ನು ಮುಚ್ಚಿಡುತ್ತದೆ. ದೀಪ ಹತ್ತುವ ಒಂದೆರಡು ಗಂಟೆ ಮೊದಲು ತೆರೆದು, ಆರುವ ಒಂದು ಗಂಟೆ ಮೊದಲು ಮುಚ್ಚುವಂತೆ ಟೈಮರ್ ಇಡುವುದು ವಾಡಿಕೆ; ಕತ್ತಲಲ್ಲಿ ಗಿಡಗಳೂ ಉಸಿರಾಡಿ ಅನಿಲ ಬಿಡುತ್ತವೆಯೇ ಹೊರತು ಬಳಸುವುದಿಲ್ಲ.

ಕೆಲಸ ಮಾಡುವಾಗ ಕಾಯಿಲ್ ಬಿಸಿಯಾಗುವುದು ಸಹಜ. ಪರೀಕ್ಷೆ ಸುಲಭ: ಪ್ಲಗ್ ಹಾಕಿದಾಗ ‘ಟಕ್’ ಎಂಬ ಸದ್ದು ಬರಬೇಕು, ಕಾಯಿಲಿನ ಮೇಲೆ ಸ್ಕ್ರೂಡ್ರೈವರಿನ ತುದಿ ಹಿಡಿದರೆ ಸೆಳೆತ ಗೊತ್ತಾಗಬೇಕು. ಸೆಳೆತವಿಲ್ಲದಿದ್ದರೆ ತಂತಿ ಅಥವಾ ಕಾಯಿಲ್ ಸತ್ತಿದೆ. ಸೆಳೆತವಿದ್ದೂ ಅನಿಲ ಹರಿಯದಿದ್ದರೆ ಒಳಗಿನ ಕೊರಡು ಕಸ ಅಥವಾ ತುಕ್ಕಿಗೆ ಸಿಕ್ಕಿಕೊಂಡಿದೆ. ಬಿಚ್ಚಿ ಒರೆಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎಸಿ ಕಾಯಿಲನ್ನು ಮಾತ್ರ ಪ್ಲಗ್ ಹಾಕಿರುವಾಗಲೇ ಕೊರಡಿನಿಂದ ಕಳಚಬಾರದು, ಕ್ಷಣಾರ್ಧದಲ್ಲಿ ಕಾದು ಸುಟ್ಟುಹೋಗಬಹುದು. ಪ್ಲಗ್ ತೆಗೆದ ಮೇಲೂ ಗುಳ್ಳೆ ಬರುತ್ತಿದೆ ಎಂಬ ದೂರಿನಲ್ಲಿ ಅರ್ಧ ಸುಳ್ಳು: ಸೊಲೆನಾಯ್ಡಿಗೂ ನೀಡಲ್ ವಾಲ್ವಿಗೂ ನಡುವೆ ಸಿಕ್ಕಿದ ಅನಿಲ ಕೆಲವು ನಿಮಿಷ ಹರಿಯುತ್ತಲೇ ಇರುತ್ತದೆ. ಗಂಟೆ ಕಳೆದರೂ ನಿಲ್ಲದಿದ್ದರೆ ಆಗ ಕಸದ ಅನುಮಾನ.

ಕರೆಂಟು ಹೋಗಿ ಬರುವ ಊರುಗಳಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಕರೆಂಟು ಹೋದರೆ ಸೊಲೆನಾಯ್ಡ್ ಮುಚ್ಚುತ್ತದೆ, ಅಲ್ಲಿಗೆ ಮೀನು ಸುರಕ್ಷಿತ. ಆದರೆ ಹಲ್ಲುಗಳನ್ನು ಒತ್ತಿ ಹೊತ್ತು ಗೊತ್ತುಮಾಡುವ ಮೆಕ್ಯಾನಿಕಲ್ ಟೈಮರ್ ಕೂಡ ಅಲ್ಲೇ ನಿಂತಿರುತ್ತದೆ. ದಿನಕ್ಕೆ ಮೂರು ಗಂಟೆ ಕರೆಂಟು ಹೋದರೆ ಅದು ಮೂರು ಗಂಟೆ ಹಿಂದೆ ಬೀಳುತ್ತದೆ, ಮರುದಿನ ಮತ್ತೆ ಮೂರು. ದೀಪವೂ ಅದೇ ಟೈಮರಿನಲ್ಲಿದ್ದರೆ ಎರಡೂ ಒಟ್ಟಿಗೆ ಸರಿಯುತ್ತವೆ, ಗಿಡಕ್ಕೆ ವ್ಯತ್ಯಾಸವಿಲ್ಲ. ದೀಪವನ್ನು ಕೈಯಿಂದಲೋ ಬ್ಯಾಟರಿ ಇರುವ ಡಿಜಿಟಲ್ ಟೈಮರಿನಿಂದಲೋ ನಡೆಸಿ, ಅನಿಲವನ್ನು ಮಾತ್ರ ಹಲ್ಲಿನ ಟೈಮರಿಗೆ ಬಿಟ್ಟರೆ, ಕೆಲವೇ ದಿನಗಳಲ್ಲಿ ಅನಿಲ ನಡುರಾತ್ರಿಯವರೆಗೆ ಹರಿಯುತ್ತದೆ. ಬೆಳಗ್ಗೆ ಸತ್ತ ಮೀನು ಕಂಡು ರೆಗ್ಯುಲೇಟರನ್ನು ದೂರಿದರೆ ಅದು ನಿರಪರಾಧಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಎಸಿ ಕಾಯಿಲ್ ಗುಂಯ್‌ಗುಟ್ಟಿ ಹೆಚ್ಚು ಕಾಯುತ್ತದೆ. 12 ವೋಲ್ಟ್ ಡಿಸಿ ಸೊಲೆನಾಯ್ಡ್ ಅಂಥ ಮನೆಗಳಿಗೆ ಮೇಲು.

ನೀಡಲ್ ವಾಲ್ವ್, ಬಬಲ್ ಕೌಂಟರ್, ಚೆಕ್ ವಾಲ್ವ್

ನೀಡಲ್ ವಾಲ್ವ್ ಇರುವುದು ಹರಿವನ್ನು ಹದಗೊಳಿಸಲು, ನಿಲ್ಲಿಸಲು ಅಲ್ಲ. ಬಿಗಿಯಾಗಿ ಮುಚ್ಚಿ ತಿರುಚಿದರೆ ಸೂಜಿಯ ತುದಿ ಸೀಟಿಗೆ ಒತ್ತಿ ಗಾಯವಾಗುತ್ತದೆ, ಆಮೇಲೆ ಯಾವ ದರವೂ ನಿಲ್ಲುವುದಿಲ್ಲ. ತುಸು ತಿರುಗಿಸಿ, ಹತ್ತಿಪ್ಪತ್ತು ನಿಮಿಷ ಕಾದು, ಮತ್ತೆ ಎಣಿಸುವ ತಾಳ್ಮೆ ಬೇಕು.

ಸೆಕೆಂಡಿಗೆ ಎಷ್ಟು ಗುಳ್ಳೆ ಎಂದು ಹವ್ಯಾಸಿಗಳು ಪರಸ್ಪರ ಕೇಳಿಕೊಳ್ಳುವುದು ಹೆಚ್ಚು. ಗುಳ್ಳೆಯ ಗಾತ್ರ ಕೌಂಟರಿನೊಳಗಿನ ನಳಿಗೆಯ ಬಾಯಿ ಮತ್ತು ತುಂಬಿದ ದ್ರವಕ್ಕೆ ತಕ್ಕಂತೆ ಬದಲಾಗುವುದರಿಂದ ಒಬ್ಬರ ಎರಡು ಗುಳ್ಳೆ ಇನ್ನೊಬ್ಬರ ಎರಡಕ್ಕೆ ಸಮವಲ್ಲ. ತನ್ನದೇ ತೊಟ್ಟಿಯಲ್ಲಿ ನಿನ್ನೆಗೂ ಇಂದಿಗೂ ಹೋಲಿಸಲು ಮಾತ್ರ ಅದು ಉಪಯುಕ್ತ. ಕೌಂಟರಿನ ನೀರು ಆರಿಹೋಗಿ ಗುಳ್ಳೆ ಕಾಣದಿದ್ದಾಗ ಅನಿಲ ನಿಂತಿತೆಂದು ವಾಲ್ವ್ ತೆರೆದು ಮೀನು ಕೊಂದವರಿದ್ದಾರೆ. ನೀರಿನ ಬದಲು ಗ್ಲಿಸರಿನ್ ಹಾಕಿದರೆ ಆರುವ ಚಿಂತೆಯಿಲ್ಲ.

ಸೊಲೆನಾಯ್ಡ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ಅನಿಲ ಸುಮ್ಮನೆ ಕೂರುವುದಿಲ್ಲ, ಡಿಫ್ಯೂಸರಿನ ಕಡೆಯ ನೀರಿನಲ್ಲಿ ಕರಗುತ್ತ ಹೋಗುತ್ತದೆ. ಕರಗಿದಷ್ಟೂ ಪೈಪಿನೊಳಗೆ ಒತ್ತಡ ಇಳಿದು, ತೊಟ್ಟಿಯ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ಚೆಕ್ ವಾಲ್ವ್. ಏರ್ ಪಂಪಿಗೆಂದು ಮಾಡಿದ ಪ್ಲಾಸ್ಟಿಕ್ ಚೆಕ್ ವಾಲ್ವಿನ ರಬ್ಬರು ಈ ಅನಿಲಕ್ಕೆ ಗಡಸಾಗಿ ಕೆಲಸ ಬಿಡುತ್ತದೆ; ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ಬೇಕು. ಬಬಲ್ ಕೌಂಟರಿನ ನೀರಿನ ಮಟ್ಟ ತಾನಾಗಿ ಏರಿದೆ, ನೀರಿಗೆ ತೊಟ್ಟಿಯ ಕಂದು ಬಣ್ಣ ಬಂದಿದೆ ಎಂದರೆ ಚೆಕ್ ವಾಲ್ವ್ ಸೋತಿದೆ. ಮುಂದಿನ ಬಲಿ ಸೊಲೆನಾಯ್ಡ್.

ಡಿಫ್ಯೂಸರ್

ಹೊಸ ಪಿಂಗಾಣಿ ಬಿಲ್ಲೆಯ ಒಂದೇ ಮೂಲೆಯಿಂದ ದೊಡ್ಡ ಗುಳ್ಳೆ ಬಂದರೆ ಬಿಲ್ಲೆ ಇನ್ನೂ ನೀರು ಕುಡಿದಿಲ್ಲ. ಒಂದು ರಾತ್ರಿ ನೆನೆಸಿಟ್ಟರೆ ಸರಿಹೋಗುತ್ತದೆ. ಆಮೇಲೂ ಹಾಗೆಯೇ ಇದ್ದರೆ ಬಿಲ್ಲೆಯ ಅಂಚಿನ ಅಂಟು ಬಿಟ್ಟಿದೆ. ಹಳೆಯದು ಕಟ್ಟಿಕೊಂಡರೆ ಕಾರಣ ಪಾಚಿ ಮತ್ತು ಲೋಳೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಜೊತೆಗೆ ಸುಣ್ಣ. ಪಾಚಿಗೆ ನೀರು ಬೆರೆಸಿದ ಬ್ಲೀಚಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. ಸುಣ್ಣಕ್ಕೆ ವಿನೆಗರ್ ಅಥವಾ ನಿಂಬೆ ಉಪ್ಪಿನ ನೀರು. ಎರಡನ್ನೂ ಮಾಡುವುದಿದ್ದರೆ ನಡುವೆ ಧಾರಾಳ ನೀರಿನಲ್ಲಿ ತೊಳೆಯಲೇಬೇಕು: ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶಕ್ಕೆ ಅಪಾಯ. ಬ್ರಷ್‌ನಿಂದ ಉಜ್ಜಿದರೆ ಕೊಳೆ ರಂಧ್ರದೊಳಕ್ಕೇ ಹೋಗುತ್ತದೆ.

ಡ್ರಾಪ್ ಚೆಕರ್ ಹೇಳುವುದೇನು

ಬುರುಡೆಯೊಳಗಿನ ನೀಲಿ ದ್ರಾವಣ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕ, ಪಿಎಚ್ 7.6ರ ಮೇಲೆ ನೀಲಿ, 6ರ ಕೆಳಗೆ ಹಳದಿ, ನಡುವೆ ಹಸಿರು. ಬುರುಡೆಗೆ ತುಂಬಬೇಕಾದದ್ದು ಕಾರ್ಬೊನೇಟ್ ಗಡಸುತನ, ಅಂದರೆ ಕೆಎಚ್, ನಿಖರವಾಗಿ 4 ಇರುವ ನೀರು. ಆಗ ಪಿಎಚ್ 6.6ರ ಹಸಿರು ಎಂದರೆ ಲೀಟರಿಗೆ 30 ಮಿಲಿಗ್ರಾಂ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು ಒಂದು ದಿನ, ಗಡಸು ಬೋರ್‌ವೆಲ್ ನೀರು ಇನ್ನೊಂದು ದಿನ. ತೊಟ್ಟಿಯ ನೀರನ್ನೇ ಬುರುಡೆಗೆ ತುಂಬಿದವರಿಗೆ, ಅದರ ಕೆಎಚ್ 8 ಆಗಿದ್ದರೆ, ಅದೇ ಚೆಂದದ ಹಸಿರು 60 ಮಿಲಿಗ್ರಾಂ ಸೂಚಿಸುತ್ತದೆ. ಕೆಎಚ್ 2 ಆಗಿದ್ದರೆ ಬರೀ 15. ಬಣ್ಣ ಒಂದೇ, ಒಂದರಲ್ಲಿ ಮೀನು ಒದ್ದಾಡುತ್ತದೆ, ಇನ್ನೊಂದರಲ್ಲಿ ಗಿಡ ಸೊರಗುತ್ತದೆ.

ಇನ್ನೊಂದು ಮಿತಿ ನಿಧಾನ. ತೊಟ್ಟಿಯ ಅನಿಲ ಬುರುಡೆಯ ಬಾಯಲ್ಲಿ ಸಿಕ್ಕಿದ ಗಾಳಿಯನ್ನು ದಾಟಿ ದ್ರಾವಣಕ್ಕೆ ಸೇರಬೇಕಾದ್ದರಿಂದ ಬಣ್ಣ ಒಂದೆರಡು ಗಂಟೆ ಹಿಂದಿನ ಸ್ಥಿತಿಯನ್ನು ಹೇಳುತ್ತದೆ. ಡಿಫ್ಯೂಸರಿನ ನೇರ ಮೇಲೆ ಅಂಟಿಸಿದರೆ ಗುಳ್ಳೆಗಳು ಬುರುಡೆಯೊಳಗೇ ಸೇರಿ ಸದಾ ಹಳದಿ. ಪಿಎಚ್ ಕಂಟ್ರೋಲರ್ ಬಳಸುವವರಿಗೂ ನಿಶ್ಚಿಂತೆಯಿಲ್ಲ. ಒಣಗಿದ ಅಥವಾ ಹೊಂದಿಸದ ಪ್ರೋಬ್ ಹೆಚ್ಚಿನ ಪಿಎಚ್ ತೋರಿಸುತ್ತ ಹೋದರೆ ಅದು ಸೊಲೆನಾಯ್ಡನ್ನು ಮುಚ್ಚುವುದೇ ಇಲ್ಲ. ಪಿಎಚ್ 4 ಮತ್ತು 7ರ ದ್ರಾವಣಗಳಲ್ಲಿ ಆಗಾಗ ಹೊಂದಿಸಿಕೊಳ್ಳಬೇಕು.

ಸೆಟ್ ಸರಿಯಿದ್ದೂ ಅನಿಲ ಸಾಲದಿದ್ದರೆ ತೊಟ್ಟಿಯನ್ನು ನೋಡಬೇಕು. ಬೇಸಿಗೆಯಲ್ಲಿ ನೀರು ಆವಿಯಾಗಿ ಎರಡು ಇಂಚು ಇಳಿದರೆ, ಮುಳುಗಿದ್ದ ಫಿಲ್ಟರಿನ ಬಾಯಿ ಮೇಲೆ ಬಂದು ನೀರು ಧುಮುಕತೊಡಗುತ್ತದೆ. ಹಿಂದಿನ ಗುಳ್ಳೆ ದರದಲ್ಲೇ ಬುರುಡೆ ನೀಲಿಯಾಗುತ್ತದೆ. ನೀರು ತುಂಬಿಸಿದರೆ ಮುಗಿಯಿತು, ವಾಲ್ವ್ ಮುಟ್ಟಬೇಕಿಲ್ಲ. ಒಂದು ಮೂಲೆಯ ಗಿಡ ಮಾತ್ರ ಸೊರಗಿದ್ದರೆ ಅಲ್ಲಿಗೆ ಹರಿವು ಮುಟ್ಟುತ್ತಿಲ್ಲ. ಎಲೆಯಂಚಿಗೆ ಕಪ್ಪು ಗಡ್ಡದಂಥ ಪಾಚಿ ಬಂದರೆ ಅನಿಲದ ಮಟ್ಟ ದಿನದಿಂದ ದಿನಕ್ಕೆ ಹೊಯ್ದಾಡುತ್ತಿದೆ ಎಂಬುದು ಅನುಭವಿಗಳ ಮಾತು.

ಮನೆಯಲ್ಲೇ ತಯಾರಿಸುವ ಅನಿಲ

ಸಿಲಿಂಡರಿಲ್ಲದವರು ಸಕ್ಕರೆ–ಯೀಸ್ಟ್ ಬಾಟಲಿಯನ್ನೋ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು ಅಡುಗೆ ಸೋಡಾದ ಜೋಡಿ ಬಾಟಲಿಯನ್ನೋ ಬಳಸುತ್ತಾರೆ. ಯೀಸ್ಟ್ ವಿಧಾನದಲ್ಲಿ ಹತೋಟಿ ಕಡಿಮೆ: ಚಳಿಗೆ ನಿಧಾನ, ಸೆಕೆಗೆ ಜೋರು, ಮದ್ಯಸಾರ ಹೆಚ್ಚಾದಂತೆ ಯೀಸ್ಟೇ ಸಾಯುತ್ತದೆ. ರಾತ್ರಿ ಮುಚ್ಚುವಂತಿಲ್ಲ, ಮುಚ್ಚಿದರೆ ಬಾಟಲಿ ಸಿಡಿಯುತ್ತದೆ. ನೊರೆ ಉಕ್ಕಿ ತೊಟ್ಟಿಗೆ ಬರದಂತೆ ನಡುವೆ ಒಂದು ಖಾಲಿ ಬಾಟಲಿ ಇಡಬೇಕು.

ಸೋಡಾ ವಿಧಾನ ಹೆಚ್ಚು ವಿಧೇಯ. 252 ಗ್ರಾಂ ಅಡುಗೆ ಸೋಡಾಕ್ಕೆ 192 ಗ್ರಾಂ ಸಿಟ್ರಿಕ್ ಆಮ್ಲ ಪೂರ್ತಿ ಸೇರಿದರೆ 132 ಗ್ರಾಂ ಅನಿಲ, ಕೋಣೆಯ ಉಷ್ಣತೆಯಲ್ಲಿ ಸುಮಾರು 73 ಲೀಟರ್. ಅನಿಲ ಲೆಕ್ಕಕ್ಕಿಂತ ಕಡಿಮೆ ಹುಟ್ಟಿದರೆ ಮೊದಲು ಪೊಟ್ಟಣ ನೋಡಬೇಕು: ಅಡುಗೆ ಸೋಡಾದ ಬದಲು ಬೇಕಿಂಗ್ ಪೌಡರೋ ವಾಷಿಂಗ್ ಸೋಡಾವೋ ಬಂದಿರುವುದುಂಟು. ಒತ್ತಡ ನಿಲ್ಲದಿದ್ದರೆ ಮುಚ್ಚಳದ ರಬ್ಬರು ಜಾರಿದೆ. ಎರಡೂ ವಿಧಾನಕ್ಕೆ ಗ್ಯಾಸ್ ಇರುವ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಕುಡಿಯುವ ನೀರಿನ ತೆಳು ಬಾಟಲಿಯಾಗಲಿ ಗಾಜಿನದಾಗಲಿ ಸಲ್ಲದು.

ಮೀನು ಮತ್ತು ಮನುಷ್ಯರ ಸುರಕ್ಷೆ

ಅನಿಲ ಹೆಚ್ಚಾದರೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತವೆ, ಕಿವಿರು ಬೇಗ ಬೇಗ ಬಡಿಯುತ್ತದೆ. ಸೀಗಡಿಗಳು ನಿಶ್ಚಲವಾಗುತ್ತವೆ. ಹರಿಯುವ ತೊರೆಯಿಂದ ಬಂದ ಮೀನುಗಳು ಮೊದಲು ಸೋಲುತ್ತವೆ. ಪಶ್ಚಿಮ ಘಟ್ಟದ ನದಿಗಳ ಮಿಸ್ ಕೇರಳ ಅಂಥ ಒಂದು ಮೀನು. ನೀರಿನಲ್ಲಿ ಆಮ್ಲಜನಕ ಧಾರಾಳವಿದ್ದರೆ ಪರವಾಗಿಲ್ಲ ಎಂಬುದು ತಪ್ಪು: ಹೊರಗಿನ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ರಕ್ತದಲ್ಲಿರುವುದು ಹೊರಬರಲಾರದೆ, ರಕ್ತ ಆಮ್ಲೀಯವಾಗಿ, ಆಮ್ಲಜನಕ ಹಿಡಿಯುವ ಶಕ್ತಿಯೇ ಕುಂದುತ್ತದೆ. ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಬೇಕು, ಏರ್ ಪಂಪ್ ಹಾಕಿ ಮೇಲ್ಮೈ ಕಲಕಬೇಕು, ಆಮೇಲೆ ಅರ್ಧದಷ್ಟು ನೀರು ಬದಲಿಸಬೇಕು. ಕಾರಣ ಹುಡುಕುವುದು ಅದಾದ ಮೇಲೆ.

ಮನೆಯವರ ಲೆಕ್ಕವನ್ನೂ ಹಾಕಬೇಕು. 1 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕೋಣೆಯ ಉಷ್ಣತೆಯಲ್ಲಿ ಸುಮಾರು 550 ಲೀಟರ್ ಅನಿಲವಾಗುತ್ತದೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. 2 ಕೆ.ಜಿ.ಯ ಸಿಲಿಂಡರ್ ಒಮ್ಮೆಲೇ ಖಾಲಿಯಾದರೆ ಅನಿಲದ ಪ್ರಮಾಣ ನೂರಕ್ಕೆ ನಾಲ್ಕರ ಹತ್ತಿರ ಬರುತ್ತದೆ, ಮತ್ತು ಜೀವಕ್ಕೆ ತಕ್ಷಣದ ಅಪಾಯ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ನಿಯಾಶ್ ಗುರುತಿಸಿರುವ ಮಟ್ಟವೂ ಅದೇ. ಬಣ್ಣವಿಲ್ಲ, ವಾಸನೆಯಿಲ್ಲ; ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲಿ ಮೊದಲು ತುಂಬುತ್ತದೆ, ಅಂದರೆ ಚಾಪೆಯ ಮೇಲೆ ಮಲಗಿದವರ ಮಟ್ಟದಲ್ಲಿ. ತಲೆನೋವು, ಏದುಸಿರು ಕಾಣಿಸಿದರೆ ಮೊದಲು ಹೊರಗೆ ಹೋಗಿ ಕಿಟಕಿ ಬಾಗಿಲು ತೆರೆಯಬೇಕು. ಎಸಿ ಹಾಕಿ ಮುಚ್ಚಿದ ಮಲಗುವ ಕೋಣೆಯಲ್ಲಿ 5 ಕೆ.ಜಿ.ಯ ಸಿಲಿಂಡರ್ ಇಡುವುದು ಯಾವ ಗಿಡಕ್ಕಾಗಿಯೂ ಸಲ್ಲದು. ಎಲ್ಲೇ ಇಟ್ಟರೂ ನೆಟ್ಟಗೆ ನಿಲ್ಲಿಸಿ ಬೀಳದಂತೆ ಪಟ್ಟಿ ಕಟ್ಟಬೇಕು. ತುಂಬಿಸಿ ತರುವಾಗ ಕಾರಿನ ಗಾಜು ಇಳಿಸಿರಬೇಕು, ಸಿಲಿಂಡರನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಹೋಗಬಾರದು.